ಒಲೆಯ ನೆತ್ತಿಯ ರಂಗೋಲಿ

ಗ್ಯಾಸ್ ಒಲೆಯ ಮೇಲೆ ಅತ್ತೆ ರಂಗೋಲಿ ಇಡುವುದು ನಿಲ್ಲಬೇಕು. ನಯನಳಿಗೆ ಆ ದಿನಗಳಲ್ಲಿ ಬೇಕಾಗಿದ್ದುದು ಅಷ್ಟೆ. ಅದು ನಿಲ್ಲದಿದ್ದರೂ ಹೋಗಲಿ, ಒಲೆ ಸರಿಯಾಗಿ ಉರಿಯದಿರುವುದಕ್ಕೆ ತಾನು ಕಾರಣವಲ್ಲ ಎಂದು ಮನೆಯಲ್ಲಿ ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಿದರೂ ಸಾಕಿತ್ತು.

ಮಂಡ್ಯದ ಗುತ್ತಲಿನ ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅತ್ತೆ ಮರಿತಾಯಮ್ಮ. ಬಾಗಿಲಿಗೆ ನೀರು ಹಾಕಿ, ಹೊಸಲಿಗೆ ಎಳೆ ಎಳೆದು, ಅದೇ ರಂಗೋಲಿ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಬರುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಒಲೆ ಒರೆಸಿ, ಸ್ಟೀಲಿನ ಮೇಲೆ ಅಡ್ಡಡ್ಡ ಎರಡು ಗೆರೆ, ನಡುವೆ ಒಂದು ಕಮಲ, ಕೊನೆಗೆ ಎರಡೂ ಬರ್ನರಿನ ನೆತ್ತಿಗೆ ಒಂದೊಂದು ಚಿಟಿಕೆ ಪುಡಿ. ಅದರ ಮೇಲೆ ಅರಿಸಿನ ಕುಂಕುಮ. ಬೆಸಗರಹಳ್ಳಿಯ ಮಣ್ಣಿನ ಒಲೆಗೆ ನಲವತ್ತು ವರ್ಷ ಹೀಗೆ ಮಾಡಿದವಳು. ಸಂಸಾರ ಮಂಡ್ಯಕ್ಕೆ ಬಂದಾಗ ಒಲೆ ಬದಲಾಯಿತು, ಕೈ ಬದಲಾಗಲಿಲ್ಲ.

ಮಣ್ಣಿನ ಒಲೆಗೆ ತೂತುಗಳಿರಲಿಲ್ಲ. ಬರ್ನರಿಗೆ ಸುತ್ತಲೂ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ತೂತು. ಕಲ್ಲಿನ ಪುಡಿ ಅದರೊಳಗೆ ಇಳಿದು ಕೂತರೆ ಗ್ಯಾಸ್ ಬರುವುದಕ್ಕೆ ದಾರಿಯಿಲ್ಲ. ಒಂದು ಕಡೆ ಉರಿ ನಾಲಿಗೆ ಚಾಚುತ್ತಿತ್ತು, ಇನ್ನೊಂದು ಕಡೆ ಸತ್ತೇ ಹೋಗಿರುತ್ತಿತ್ತು. ಉರಿಯುವಷ್ಟೂ ಹಳದಿ. ಹಳದಿ ಉರಿಗೆ ಪಾತ್ರೆಯ ತಳವೆಲ್ಲ ಮಸಿ. ಅತ್ತೆ ಸ್ನಾನಕ್ಕೆ ಹೋದ ಕೂಡಲೇ ನಯನ ಬರ್ನರು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಹೊಲಿಗೆ ಡಬ್ಬಿಯಿಂದ ತಂದ ಸೂಜಿಯಲ್ಲಿ ಒಂದೊಂದೇ ತೂತು ಚುಚ್ಚುತ್ತಿದ್ದಳು. ವಾರಕ್ಕೊಮ್ಮೆ ಬಿಸಿನೀರಿಗೆ ಹುಣಿಸೆಹಣ್ಣು ಹಾಕಿ ನೆನೆಸಿ, ತಿಕ್ಕಿ, ಬಿಸಿಲಿಗಿಟ್ಟು ಒಣಗಿಸುತ್ತಿದ್ದಳು. ಮಾರನೆಯ ಬೆಳಿಗ್ಗೆ ಮತ್ತೆ ಕಮಲ.

ಹೇಳಿ ನೋಡಲಿಲ್ಲವೆಂದಲ್ಲ.

"ಅತ್ತೆ, ಪುಡಿಯೆಲ್ಲ ತೂತಿಗೆ ಬೀಳ್ತದೆ. ಒಲೆ ಪಕ್ಕ ಕಲ್ಲಿನ ಮೇಲೆ ಇಡಿ," ಎಂದಿದ್ದಳು.

"ಒಲೆಗೆ ಇಕ್ಕೋದು ಕಣವ್ವ, ಕಲ್ಲಿಗಲ್ಲ. ಒಲೆ ಅಂದ್ಮ್ಯಾಕೆ ವಸಿ ಬೂದಿ ಗೀದಿ ಬೀಳ್ದೆ ಇದ್ದದಾ?"

ಪೇಟೆಯಿಂದ ಅಂಟಿಸುವ ರಂಗೋಲಿ ತಂದು ಒಲೆಯ ಮುಂಭಾಗಕ್ಕೆ ಅಂಟಿಸಿದಳು. ಮರಿತಾಯಮ್ಮ ಅದನ್ನು ಉಗುರಿನಲ್ಲಿ ಕೆರೆದು ನೋಡಿ, "ಚೆಂದಾಗೈತೆ, ಬಿಸ್ಕತ್ತಿನ ಪಾಕೀಟು ಇದ್ದಂಗೈತೆ," ಎಂದು ಅದರ ಮೇಲೆಯೇ ತನ್ನ ಎರಡು ಗೆರೆ ಎಳೆದಳು.

ಗಂಡನಿಗೂ ಹೇಳಿದ್ದಳು. ಚಲುವನಾರಾಯಣ ಮದ್ದೂರಿನ ಒಂದು ಸೊಸೈಟಿಯಲ್ಲಿ ಕೆಲಸಕ್ಕಿದ್ದವನು. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಡುವವನು ಕಾಫಿ ತಡವಾದರೆ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಅವಳು ಹೇಳಿದಾಗ ಮೊಬೈಲಿನಿಂದ ತಲೆಯೆತ್ತದೆ, "ವಯಸ್ಸಾದೋಳು, ಬುಡು. ಒಂದ್ಸಲ ಒರುಸ್ಕೊಂಡ್ರೆ ಆಯ್ತದೆ," ಎಂದಿದ್ದ. ಇನ್ನೊಮ್ಮೆ ಹೇಳಿದಾಗ "ಹೂಂ ಹೂಂ" ಎಂದಿದ್ದ. ಸಿಲಿಂಡರ್ ಬೇಗ ಮುಗಿದಾಗ ಮಾತ್ರ ತಲೆಯೆತ್ತಿ ಕೇಳಿದ: "ಏನು, ಗ್ಯಾಸ್ ನೀನೇನ್ ಕುಡೀತೀಯಾ?"

ಆವತ್ತು ಅವಳು ಮಗ್ಗುಲು ಮನೆಯವರ ರವಿಕೆಗೆ ಕಾಜಾ ಹೊಲಿಯುತ್ತ ಕೂತಿದ್ದಳು. ದಾರವನ್ನು ಹಲ್ಲಿನಲ್ಲಿ ಕಡಿದಾಗ ತುಟಿಯೂ ಸಿಕ್ಕಿ ರಕ್ತ ಬಂತು. ಹೇಳಿದ್ದನ್ನೇ ಹೇಳಿದರೆ ಜಗಳಗಂಟಿ. ಹೇಳದಿದ್ದರೆ ಕೊಳಕಿ. ಇವೆರಡರ ನಡುವೆ ಹೆಂಗಸಿಗೆ ನಿಲ್ಲುವುದಕ್ಕೆ ಎಷ್ಟು ಜಾಗವಿದೆ ಎಂದು ಅವಳು ಯೋಚಿಸುತ್ತಿದ್ದಳು.

ಭಾನುವಾರ ಅತ್ತಿಗೆ ಯಶೋದಮ್ಮ ಬಂದಳು, ಚಲುವನಾರಾಯಣನ ಅಕ್ಕ. ಮಳವಳ್ಳಿ ಕಡೆ ಕೊಟ್ಟಿದ್ದರು. ತವರಿಗೆ ಬರುವಾಗ ಬರಿಗೈಯಲ್ಲಿ ಬರುವವಳಲ್ಲ, ಬಾಯಿ ಮುಚ್ಚಿಕೊಂಡೂ ಬರುವವಳಲ್ಲ. ಸ್ಟೀಲು ಡಬ್ಬಿ ತುಂಬ ಮಾಂಸ ತಂದಿದ್ದಳು.

"ಬಂಡೂರು ಕುರಿ ಕಣೇ ನಯ್ನ. ಬಿಸಿನೀರು ನೋಡುದ್ರೇ ಬೇಯ್ತದೆ. ಬಾಡ್ನೆಸ್ರು ಮಾಡಿ ಹಿಟ್ಟು ತಿರುವು, ಬತ್ತೀನಿ," ಎಂದು ತಮ್ಮನ ಜೊತೆ ಹಜಾರದಲ್ಲಿ ಮಾತಿಗೆ ಕೂತಳು.

ನಯನ ಬೆಳಿಗ್ಗೆ ಎರಡೂ ಬರ್ನರು ಚುಚ್ಚಿದ್ದಳು. ಆದರೂ ಉರಿ ಏಳಲಿಲ್ಲ. ಈ ಸಲ ಪುಡಿ ತೂತು ದಾಟಿ ಒಳಗಿನ ಕೊಳವೆಗೇ ಇಳಿದಿತ್ತೇನೋ. ಮಸಾಲೆ ಹುರಿದದ್ದು ಹಸಿಹಸಿ. ಕುಕ್ಕರು ಕೂಗುವ ಮಾತೇ ಇಲ್ಲ, ಮೂಲೆಯಲ್ಲಿ ಕೂತ ಮುದುಕನ ಹಾಗೆ ಸುಮ್ಮನೆ ಉಸ್ ಉಸ್ ಎನ್ನುತ್ತಿತ್ತು. ಇನ್ನೊಂದು ಬರ್ನರಿನ ಮೇಲೆ ರಾಗಿಮುದ್ದೆಯ ಹಿಟ್ಟಿನ ನೀರು ಕುದಿಯಲೊಲ್ಲದು. ಅವಳು ಬಗ್ಗಿ ಬಗ್ಗಿ ಉರಿ ನೋಡಿದಳು, ಗುಂಡಿ ತಿರುಗಿಸಿದಳು, ಊದಿದಳು. ಗ್ಯಾಸ್ ಒಲೆಯನ್ನು ಊದಬಾರದೆಂದು ಊದಿದ ಮೇಲೆ ನೆನಪಾಯಿತು. ಹೊಟ್ಟೆ ಹಸಿದವರ ಮಾತು ಹಜಾರದಲ್ಲಿ ಕಡಿಮೆಯಾಗುತ್ತ ಬಂತು.

ಯಶೋದಮ್ಮ ಒಳಗೆ ಬಂದಳು.

"ಇನ್ನೂ ಒಂದ್ ಕೂಗೂ ಆಗ್ನಿಲ್ವಾ? ಒಲೆ ಅತ್ತೈತೋ ಇಲ್ವೋ?" ಎಂದು ಬಗ್ಗಿ ನೋಡಿದವಳು, ಪಕ್ಕದಲ್ಲಿ ಕವುಚಿಟ್ಟಿದ್ದ ಪಾತ್ರೆಯ ತಳಕ್ಕೆ ಬೆರಳಾಡಿಸಿದಳು. ಕಪ್ಪು ಬೆರಳನ್ನು ನಯನಳ ಮುಖದೆದುರು ಹಿಡಿದಳು. "ಇದೇನಮ್ಮ ಇದು? ಸೌದೆ ಒಲೇಲೂ ಇಷ್ಟು ಮಸಿ ಇರಕಿಲ್ಲ. ಒಲೆ ನೋಡುದ್ರೆ ಮನೆ ಎಂಗ್ಸು ಎಂಗವ್ಳೆ ಅಂತ ಗೊತ್ತಾಯ್ತದೆ."

ಮರಿತಾಯಮ್ಮ ಬಾಗಿಲ ಬಳಿ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಯನ ಅತ್ತೆಯ ಕಡೆ ನೋಡಿದಳು. ಈಗಲಾದರೂ. ಒಂದು ಮಾತು. ಅವಳದೇನೂ ತಪ್ಪಿಲ್ಲ ಕಣೆ, ಅಷ್ಟು.

ಮರಿತಾಯಮ್ಮ ಬೆಳ್ಳುಳ್ಳಿ ಸಿಪ್ಪೆಯನ್ನು ಊದಿ, "ಅವ್ಳಿಗೆ ಒಲಿಗೆ ಮಿಸೀನು ಸಿಕ್ಬುಟ್ರೆ ಒಲೆ ಗ್ಯಾಪ್ಕ ಎಲ್ಲಿದ್ದದು," ಎಂದಳು.

ನಯನ ಗುಂಡಿ ತಿರುಗಿಸಿ ಒಲೆ ಆರಿಸಿದಳು. ಹಿಟ್ಟಿನ ಪಾತ್ರೆ ಇಳಿಸಿದಳು. ಇಕ್ಕಳದಲ್ಲಿ ಬರ್ನರು ಎತ್ತಿ, ಊಟದ ತಟ್ಟೆಯೊಂದನ್ನು ಎಳೆದುಕೊಂಡು, ಅದರ ಮೇಲೆ ಕುಟ್ಟಿದಳು. ಒಂದು ಸಲ ಕುಟ್ಟಿದಳು, ಇನ್ನೊಂದು ಸಲ ಜೋರಾಗಿ ಕುಟ್ಟಿದಳು. ಬಿಳಿ ಪುಡಿ ಉದುರಿತು. ನಡುವೆ ಅಷ್ಟಿಷ್ಟು ಕುಂಕುಮ.

"ನೋಡಿ ಅತ್ತಿಗೆ. ಇದು ನಾನಿಟ್ಟಿದ್ದಲ್ಲ. ದಿನಾ ಬೆಳಿಗ್ಗೆ ಅತ್ತೆ ಬರ್ನರ್ ಮೇಲೆ ರಂಗೋಲಿ ಇಡ್ತಾರೆ. ದಿನಾ ನಾನು ಸೂಜೀಲಿ ತೆಗೀತೀನಿ. ಮಸಿ ಯಾಕೆ ಅಂದ್ರಲ್ಲ, ಇದುಕ್ಕೆ."

ಈ ಮಾತನ್ನು ಮನಸ್ಸಿನಲ್ಲಿ ಎಷ್ಟೋ ಸಲ ಆಡಿದ್ದಳು. ಆಡಿದ ಮೇಲೆ ಮನೆ ನಿಶ್ಶಬ್ದವಾಗುತ್ತದೆ, ಎಲ್ಲರೂ ತಲೆ ತಗ್ಗಿಸುತ್ತಾರೆ ಎಂದು ಅಂದುಕೊಂಡಿದ್ದಳು.

ಯಶೋದಮ್ಮ ತಟ್ಟೆಯನ್ನು ನೋಡಿದಳು. ತಾಯಿಯನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು.

"ಅಯ್ಯೋ ಅವ್ವಾ! ಗ್ಯಾಸಿಗೂ ರಂಗೋಲಿನಾ? ಲೋ ಚಲುವ, ಬಾರ್ಲಾ ಇಲ್ಲಿ, ನಮ್ಮವ್ವನ್ ಕೆಲ್ಸ ನೋಡು!"

ಚಲುವನಾರಾಯಣ ಬಂದ, ನೋಡಿದ, ಅವನೂ ನಕ್ಕ. "ನಮ್ಮವ್ವ ಅಂದ್ರೆ ನಮ್ಮವ್ವನೇ. ಇನ್ ಮ್ಯಾಕೆ ನನ್ ಮೊಬೈಲ್ಗೂ ಇಕ್ಬುಡವ್ವ."

"ಒಲೆಗೆ ಇಕ್ಕುದ್ರೆ ತಪ್ಪೇನ್ಲಾ?" ಎಂದು ಮರಿತಾಯಮ್ಮ ಸೆಟೆದಳು. ಆದರೆ ಮಕ್ಕಳ ನಗುವಿಗೆ ಅವಳ ಬೊಚ್ಚುಬಾಯಿಯೂ ಅರಳಿತು. ಯಶೋದಮ್ಮ ತಾಯಿಯ ಗಲ್ಲ ಹಿಡಿದು ಅಲ್ಲಾಡಿಸಿದಳು. ತನ್ನ ಮಗಳು ದೀಪಿಕಳಿಗೆ ವೀಡಿಯೊ ಕಾಲ್ ಮಾಡಿ ತಟ್ಟೆ ತೋರಿಸಿದಳು. "ನಿಮ್ಮಜ್ಜಿ ಭಕ್ತಿ ನೋಡು ಮಗಾ. ಈಗಿನ್ ಕಾಲ್ದಲ್ಲಿ ಯಾರ್ ಇಕ್ತಾರೆ ಒಲೆಗೆ?"

ನಯನ ಇಕ್ಕಳ ಹಿಡಿದುಕೊಂಡೇ ನಿಂತಿದ್ದಳು. ಇಷ್ಟು ಹೊತ್ತು ಅವಳ ಕೊಳಕಾಗಿದ್ದ ಮಸಿ ಅತ್ತೆಯ ಕೈಗೆ ದಾಟಿದ ಕೂಡಲೇ ಭಕ್ತಿಯಾಗಿಬಿಟ್ಟಿತ್ತು. ಯಾರೂ ಅವಳ ಕಡೆ ತಿರುಗಲಿಲ್ಲ. ತಿರುಗಿದವನು ಗಂಡನೊಬ್ಬನೇ, ಅವನು ಕೇಳಿದ್ದು, "ಈಗ ಊಟುಕ್ಕೇನ್ ಮಾಡೋದು?"

ಪಕ್ಕದ ಮನೆಯ ದೇವಿರಮ್ಮನ ಒಲೆಯ ಮೇಲೆ ಕುಕ್ಕರು ಕೂಗಿತು. ಹೊತ್ತುಕೊಂಡು ಹೋದವಳೂ ತಂದವಳೂ ನಯನಳೇ. ಎಲ್ಲರೂ ಬೆರಳು ನೆಕ್ಕಿ ಉಂಡರು. ಬಂಡೂರು ಕುರಿಯ ಗುಣವನ್ನು ಹೊಗಳಿದರು. ಸಂಜೆ ಬಸ್ಸಿಗೆ ಹೊರಟ ಯಶೋದಮ್ಮ ಕುಂಕುಮ ಇಡಿಸಿಕೊಂಡು, "ಪಾತ್ರೆ ತಳ ವಸಿ ಉಜ್ಜು ಕಣಮ್ಮ," ಎಂದು ಹೇಳಿಯೇ ಹೋದಳು.

ಮಾರನೆಯ ಬೆಳಿಗ್ಗೆ ಮರಿತಾಯಮ್ಮ ಹಿಂದೆಂದೂ ಇಡದಷ್ಟು ದೊಡ್ಡ ಕಮಲ ಇಟ್ಟಳು. ಮಕ್ಕಳು ಮೆಚ್ಚಿದ ಕೆಲಸ. ಎಸಳಿಗೆ ಎಸಳು ಕೂಡಿಸಿ, ಬರ್ನರು ಕಾಣದ ಹಾಗೆ ತುಂಬಿದಳು.

ನಯನ ಅದನ್ನು ನೋಡಿದಳು. ಬರ್ನರು ಬಿಚ್ಚಲಿಲ್ಲ. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು.

ಸ್ನಾನ ಮುಗಿಸಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ ಚಲುವನಾರಾಯಣ, "ಕಾಫಿ?" ಎಂದ.

"ಒಲೆ ಉರೀತಿಲ್ಲ."

"ಚುಚ್ಚು ಮತ್ತೆ."

"ನೀವು ಚುಚ್ಚಿ. ನಿಮ್ಮವ್ವ ಇಟ್ಟಿದ್ದು." ಸೂಜಿಯನ್ನು ಯಂತ್ರದ ಹಲಗೆಯ ಮೇಲಿಟ್ಟಳು.

ಅವನು ತಮಾಷೆ ಎಂದುಕೊಂಡ. ಅವಳ ಕಾಲು ಪೆಡಲಿನಿಂದ ಏಳಲಿಲ್ಲ. "ಲೇ, ಬಸ್ಸು ಓಯ್ತದೆ," ಎಂದ. ಅವಳು ಬಟ್ಟೆ ತಿರುಗಿಸಿ ಇನ್ನೊಂದು ಹೊಲಿಗೆ ಹಾಕಿದಳು. ಅವನು ಗೊಣಗುತ್ತ ಸೂಜಿ ತೆಗೆದುಕೊಂಡ. ಬರ್ನರು ತಲೆಕೆಳಗೆ ಮಾಡಿದ, ಬಿಳಿ ಪುಡಿ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬಿತ್ತು. ಬೈದುಕೊಂಡ. ಕಿಟಕಿಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಚುಚ್ಚತೊಡಗಿದ. ಸೂಜಿ ಬೆರಳಿಗೂ ಚುಚ್ಚಿತು.

"ಇದೆಷ್ಟು ತೂತಪ್ಪಾ ಇದ್ರಲ್ಲಿ! ದಿನಾ ಇದ್ನ ಮಾಡ್ತಿದ್ಯಾ?"

"ಹೂಂ."

ಯಂತ್ರ ನಿಂತಿತು. ಅವಳು ಮುಂದಿನ ಮಾತಿಗೆ ಕಾದಳು. ಬರುತ್ತದೆ ಎಂದೇ ಅನ್ನಿಸಿತು. ಅವನು ಬರ್ನರಿನಿಂದ ತಲೆಯೆತ್ತಿದ್ದ, ಅವಳ ಮುಖವನ್ನೇ ನೋಡುತ್ತಿದ್ದ.

"ಮೊದ್ಲೇ ಯೋಳ್ಬಾರ್ದಾಗಿತ್ತಾ?" ಎಂದ.

ನಯನ ಮತ್ತೆ ಪೆಡಲು ತುಳಿದಳು. "ಇನ್ನೊಂದು ಬರ್ನರ್ ಐತೆ," ಎಂದಳು.

ದೇವರ ಮುಂದಿನಿಂದ ಎದ್ದು ಬಂದ ಮರಿತಾಯಮ್ಮ ಮಗನನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ ಕಂದ! ಬಸ್ಸು ಓಯ್ತಲ್ಲೋ! ಬಟ್ಟೆಲ್ಲಾ ಬೂದಿ ಮಾಡ್ಕಂಡವ್ನೆ. ಎಂಗ್ಸಿನ್ ಕೆಲ್ಸ ಯಾಕ್ಲಾ ಮಾಡ್ತಾ ಇದ್ದೀಯ?" ಸೊಸೆಯ ಬೆನ್ನನ್ನು ದುರುದುರು ನೋಡಿದಳು. ಸೊಸೆ ತಿರುಗಲಿಲ್ಲ. ಅವನು ಕಾಫಿಯಿಲ್ಲದೆ ಹೊರಟ, ಒಂದು ಬರ್ನರಿನ ಕೆಲಸವನ್ನು ಅರ್ಧಕ್ಕೇ ಬಿಟ್ಟು.

ಮರುದಿನ ನಯನ ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಏನೂ ಇರಲಿಲ್ಲ. ಎರಡು ಗೆರೆ, ಒಂದು ಕಮಲ ಒಲೆಯ ಪಕ್ಕದ ಕಲ್ಲಿನ ಮೇಲಿದ್ದವು. ಮರಿತಾಯಮ್ಮ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

"ಇನ್ ಅಲ್ಲೇ ಇಕ್ತೀನಿ. ನನ್ ಮಗಂಗ್ಯಾಕೆ ಇಲ್ದಿದ್ ತೊಂದ್ರೆ."

ಮಗನ ಒಂದು ಬೆಳಿಗ್ಗೆ ಸಾಕಾಯಿತು. ಸೊಸೆಯ ಬೆಳಿಗ್ಗೆಗಳು ಎಷ್ಟು ಕಳೆದಿದ್ದವೋ. ನಯನ ಉಳಿದ ತೂತುಗಳನ್ನು ಬಿಡಿಸಿ, ಕೊಳವೆಯನ್ನೂ ಕೊಡವಿ, ಒಲೆ ಹಚ್ಚಿದಳು. ಉರಿ ಸುತ್ತಲೂ ಸಮನಾಗಿ ನೀಲಿಯಾಗಿ ಎದ್ದಿತು. ಹಾಲಿಟ್ಟಳು. ಬೇಕಾದದ್ದು ಸಿಕ್ಕಿದಾಗ ಬರಬೇಕಾದ ಸಂತೋಷ ಬರಲಿಲ್ಲ. ಕೇಳಿಯೇಬಿಟ್ಟಳು.

"ಅತ್ತೆ, ದಿನಾ ನಾನ್ ಚುಚ್ತಾ ಕೂತಿರ್ತಿದ್ದೆ. ನೀವ್ ನೋಡೇ ಇಲ್ವಾ?"

"ನೋಡ್ದೆ ಏನವ್ವ? ನಾವು ಒಲೆ ಬೂದಿ ತೆಗೀತಿರ್ನಿಲ್ವಾ, ಗ್ಯಾಸಿಗೆ ಅಂಗೆ ಚುಚ್ಬೇಕೇನೋ ಅನ್ಕಂಡಿದ್ದೆ. ಅಚ್ಕಟ್ಟಾಗ್ ಮಾಡ್ತಾಳೆ ಬುಡು ಅನ್ಕಂಡಿದ್ದೆ."

ನಯನ ಅತ್ತೆಯ ಮುಖ ನೋಡಿದಳು. ಅದರಲ್ಲಿ ಕೊಂಕಿರಲಿಲ್ಲ. ಮೊನ್ನೆ ಅತ್ತಿಗೆಯ ಮುಂದೆ ಈ ಮಾತು ಎಲ್ಲಿ ಹೋಗಿತ್ತು ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಚ್ಚಲಿನಿಂದ ಗಂಡನ ಧ್ವನಿ ಬಂತು. "ಕಾಫಿ ಆಯ್ತಾ?"

"ಒಲೆ ಚೆನ್ನಾಗುರೀತೈತೆ," ಎಂದು ನಯನ ಕೂಗಿ ಹೇಳಿದಳು. "ಬಂದು ಕಾಸ್ಕಳಿ." ಹಾಲಿನ ಉರಿಯನ್ನು ಸಣ್ಣಗೆ ಮಾಡಿ, ಅತ್ತೆಯನ್ನು ದಾಟಿಕೊಂಡು ಹೊಲಿಗೆಗೆ ಹೋಗಿ ಕೂತಳು.