ಮೈಲಿಗೆಯ ಆಣೆ

"ಬಾಯಿ ಬಿಡಬೇ ರಂಡಿ! ಊರ ಮಂದಿ ಮುಂದ ಬೊಗಳಾಕ ಬರ್ತದ, ಠಾಣ್ಯಾಗ ಬರಂಗಿಲ್ಲೇನು?"

ಜಮಾದಾರನ ಲಾಠಿಯ ತುದಿ ಆದೆಮ್ಮನ ಗದ್ದವನ್ನು ಮೇಲೆತ್ತಿತು. ಪಕ್ಕದಲ್ಲಿ ತಾಯಿ ಹುಲಗೆಮ್ಮ. ತಲೆಯ ಮೇಲೆ ದೇವಿಯ ಬುಟ್ಟಿ. ಅದನ್ನು ಎಲ್ಲೂ ಇಳಿಸದೆ ಪೋತ್ನಾಳದಿಂದ ನಡೆದು ಬಂದಿದ್ದಳು. ಎಮರ್ಜೆನ್ಸಿ ಮುಗಿದ ವರ್ಷ. ಇನ್ನು ಬಡವರ ಮಾತು ಕೇಳುತ್ತಾರೆಂದು ಕೇರಿಯಲ್ಲಿ ಯಾರೋ ಹೇಳಿದ್ದರು.

ಮೊನ್ನೆ ಭತ್ತದ ನಾಟಿಯ ಹೊತ್ತಿನಲ್ಲಿ ವಿರೂಪಣ್ಣ ಗೌಡ ಆದೆಮ್ಮನನ್ನು ಪಂಪಿನ ಮನೆಗೆ ಎಳೆದೊಯ್ದಿದ್ದ. ಸಾಲಿನಲ್ಲಿದ್ದ ಹೆಂಗಸರು ಸಸಿ ಊರುತ್ತಲೇ ಇದ್ದರು. ಒಬ್ಬಳೂ ತಲೆ ಎತ್ತಲಿಲ್ಲ. ಈಗ ಅದೇ ಗೌಡ ಜಮಾದಾರನೆದುರು ಕುರ್ಚಿಯಲ್ಲಿ ಕೂತು ಚಹಾ ಊದಿಕೊಂಡು ಕುಡಿಯುತ್ತಿದ್ದ.

"ಸಾಕ್ಷಿ ಯಾರದಾರ?"

"ಬುಟ್ಟ್ಯಾಗಿನ ಅವ್ವನ್ನೇ ಹೊತಗೊಂಡು ಬಂದೀನ್ರೀ ಯಪ್ಪಾ," ಎಂದಳು ಹುಲಗೆಮ್ಮ. "ನಿನ್ನಿ ನೀವಾ ಅಂದ್ರಿ, ದೇವ್ರ ಮುಟ್ಟಿ ಆಣಿ ಮಾಡಿದ್ರ ಬರಕೊಂತೀನಿ ಅಂತ. ಮಗಳಾ, ಮುಟ್ಟು."

ಆದೆಮ್ಮ ಕೈ ಚಾಚಿದಳು.

"ತಡಿಬೇ," ಗೌಡ ಚಹಾದ ಬಸಿ ಕೆಳಗಿಟ್ಟ. "ಕೆಟ್ಟಾಕಿ ದೇವ್ರನ್ನ ಮುಟ್ಟಬೌದೇನು? ದೇವ್ರ ಹೊರಾಕಿ, ನೀನಾ ಹೇಳು ಹುಲಗಿ."

ಹುಲಗೆಮ್ಮ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮಂಗಳವಾರಕ್ಕೊಮ್ಮೆ ದೇವಿಯ ಪದ ಹೇಳುವ ಬಾಯಿ ಅವಳದು. ಮೈಲಿಗೆಯವರನ್ನು ಬುಟ್ಟಿಯ ಹತ್ತಿರ ಬಿಟ್ಟುಕೊಂಡವಳಲ್ಲ. ಮೊನ್ನೆ ರಾತ್ರಿ, ತಾನೇ ಹೆತ್ತ ಮಗಳನ್ನೂ ಹೊಸ್ತಿಲಾಚೆ ಮಲಗಿಸಿದ್ದಳು.

"ಮುಟ್ಟಂಗಿಲ್ರೀ."

"ಕೇಳಿದ್ರೇನ್ರೀ ಜಮಾದಾರ್ರ? ಮುಟ್ಟಿದ್ಲಂದ್ರ ಕೆಟ್ಟೇ ಇಲ್ಲ. ಕೆಟ್ಟಿದ್ಲಂದ್ರ ಆಣಿನಾ ಇಲ್ಲ."

ಇಬ್ಬರೂ ಹೊಟ್ಟೆ ಕುಲುಕುವಂತೆ ನಕ್ಕರು. ಜಮಾದಾರ ಪೆನ್ನಿಗೆ ಮುಚ್ಚಳ ತಿರುವಿದ.

"ಯವ್ವಾ..."

ಮಗಳ ಕೈ ಇನ್ನೂ ಗಾಳಿಯಲ್ಲೇ ಇತ್ತು. ಉಗುರ ಸಂದಿಯಲ್ಲಿ ಗದ್ದೆಯ ಕೆಸರು. ಹುಲಗೆಮ್ಮ ಅದನ್ನೇ ನೋಡಿದಳು. ಆಮೇಲೆ ಬುಟ್ಟಿ ಇಳಿಸಿ ಗೌಡನ ತೊಡೆಯ ಮೇಲೆ ಇಟ್ಟುಬಿಟ್ಟಳು.

"ನೀವು ಕೆಟ್ಟಿಲ್ಲಲ್ರೀ ಧಣಿ. ನೀವಾ ಮುಟ್ಟಿ ಹೇಳ್ರಿ."

ಗೌಡ ಕಿರುಚಿ ಎದ್ದ. ಬುಟ್ಟಿ ಉರುಳಿತು. ಅರಿಶಿನದ ಭಂಡಾರ ಚೆಲ್ಲಿ, ದೇವಿಯ ಹಿತ್ತಾಳೆ ಮುಖ ನೆಲಕ್ಕೆ ಬಡಿಯಿತು. ಜಮಾದಾರ ಅದನ್ನು ಬೂಟಿನಿಂದ ಬಾಗಿಲ ಕಡೆ ತಳ್ಳಿದ.

"ಎತಗೊಂಡು ನಡಿ, ಬೋಸುಡಿ!"

ಆದೆಮ್ಮ ಬಗ್ಗಿದಳು. ತಾಯಿ ಅವಳ ರಟ್ಟೆ ಹಿಡಿದಳು.

"ಬಿಡು. ಬಿದ್ದಿರ್ಲಿ. ಆಕೀನೂ ಇಲ್ಲೇ ಕಂಪ್ಲೇಂಟ್ ಕೊಡ್ಲಿ."

ಹೀಗೆಂದವಳು ಬಾಗಿಲಿಗೆ ಅಡ್ಡಲಾಗಿ ಕುಳಿತು, ಮಗಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಜಮಾದಾರ ಲಾಠಿ ಎತ್ತಿದ.