ಮಳೆಗೆ ಕಟ್ಟಿದ ಚಪ್ಪರ

ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೇ ನಡೆಸುವ ಚಾರಣದ ಅಂಗಡಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಹೌದು, ಇತ್ತು. ಇಪ್ಪತ್ತು ವರ್ಷ ಜನರನ್ನು ಗುಡ್ಡ ಹತ್ತಿಸಿ, ಹತ್ತಿದವರನ್ನೆಲ್ಲ ಜೀವಸಹಿತ ಇಳಿಸಿದವಳಿಗೆ ಅಷ್ಟೂ ಕೋಪ ಇರಬಾರದೇ?

ಅವತ್ತು ಮಧ್ಯಾಹ್ನ ಯಾವುದೋ ಆಫೀಸಿನ ಹನ್ನೊಂದು ಜನರ ಜೊತೆ ಅವಳು ಗುಡ್ಡದ ನೆತ್ತಿಗೆ ಬಂದಾಗ ದೂರದ ಮೋಡ ಮಿಂಚಿತು. ಅವಳು ಸೆಕೆಂಡು ಎಣಿಸತೊಡಗಿದಳು. ಇಪ್ಪತ್ತೆರಡಕ್ಕೆ ಗುಡುಗು ಕೇಳಿತು. ಮೂವತ್ತರೊಳಗೆ ಕೇಳಿದರೆ ನೆತ್ತಿ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ.

"ಬ್ಯಾಗ್ ಎತ್ಕೊಳ್ಳಿ. ವ್ಯಾನಿಗೆ ಇಳಿಯೋಣ," ಎಂದಳು.

ಆಫೀಸಿನ ಮ್ಯಾನೇಜರ್ ತಗಡಿನ ಚಪ್ಪರದ ಬೆಂಚಿನ ಮೇಲೆ ಆರಾಮಾಗಿ ಕಾಲು ಚಾಚಿದ್ದ. "ಯಾಕಮ್ಮ ಇಳೀಬೇಕು? ನಿಮ್ಮವರೇ ಬೋರ್ಡ್ ಹಾಕಿದ್ದಾರಲ್ಲ," ಎಂದು ಮೇಲೆ ಬೆರಳು ತೋರಿಸಿದ.

ಬೋರ್ಡು ಹೊಸದು. 'ಮಳೆ, ಗುಡುಗು, ಸಿಡಿಲಿಗೆ ಸುರಕ್ಷಿತ ತಾಣ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹಾಕಿಸಿದವನು ಅವಳ ತಮ್ಮ. ಅಂಗಡಿಯ ಯಜಮಾನಿಕೆ ಈಗ ಅವನದು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗುಡ್ಡದ ತುತ್ತತುದಿ, ನಾಲ್ಕು ಕಬ್ಬಿಣದ ಕಂಬ, ಮೇಲೊಂದಿಷ್ಟು ತಗಡು, ಗೋಡೆ ಎಂಬುದೇ ಇಲ್ಲ. ಸಿಡಿಲಿಗೆ ಕಾಗದ ಬರೆದು ಕರೆಯುವುದೊಂದು ಬಾಕಿ.

"ಬೋರ್ಡು ಸುಳ್ಳು. ಏಳಿ."

"ವ್ಯಾನೂ ಕಬ್ಬಿಣದ್ದೇ ಅಲ್ವಾ?" ಎಂದು ಹಿಂದಿನಿಂದ ಯಾರೋ ನಕ್ಕರು.

"ಅದು ಸುತ್ತಲೂ ಮುಚ್ಚಿದ ಡಬ್ಬಿ. ಸಿಡಿಲು ಬಡಿದ್ರೂ ಹೊರಮೈ ಮೇಲೇ ಹರಿದು ನೆಲಕ್ಕೆ ಹೋಗುತ್ತೆ. ಇದು ಹಾಗಲ್ಲ. ನಡೀರಿ. ಒಬ್ಬರಿಂದ ಒಬ್ಬರು ಇಪ್ಪತ್ತು ಹೆಜ್ಜೆ ದೂರ ಇರಿ. ಒಂಟಿ ಮರದ ಹತ್ರ ಯಾರೂ ಹೋಗಬೇಡಿ."

ಮ್ಯಾನೇಜರ್ ಏಳಲಿಲ್ಲ. ಅವಳು ಅವನ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ಇಳಿಯತೊಡಗಿದಳು. ಅದರಲ್ಲಿ ಅವನ ಫೋನಿತ್ತು. ಬೈಯುತ್ತಲೇ ಹಿಂದೆ ಬಂದ. ದಾರಿಯಲ್ಲಿ ಜಾರಿ ಮಂಡಿ ತರಚಿಕೊಂಡ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಅವಳು ವ್ಯಾನಿನಿಂದ ಯಾರನ್ನೂ ಇಳಿಯಲು ಬಿಡಲಿಲ್ಲ. ಸಿಡಿಲು ಎಲ್ಲೋ ಬಿತ್ತು. ಚಪ್ಪರಕ್ಕೆ ಬೀಳಲಿಲ್ಲ.

ಸಂಜೆ ಅವಳು ಅಂಗಡಿಗೆ ಬರುವ ಮೊದಲೇ ದೂರು ಬಂದು ಮುಟ್ಟಿತ್ತು. ತಮ್ಮ ಮುಖ ಗಂಟಿಕ್ಕಿಕೊಂಡು ಕಾಯುತ್ತಿದ್ದ. ಮೂಲೆಯಲ್ಲಿ ಅಪ್ಪ ಹರಿದ ಡೇರೆಗೆ ಹೊಲಿಗೆ ಹಾಕುತ್ತಿದ್ದ.

"ಮಾನ ಕಳೆದುಬಿಟ್ಟೆ ಅಕ್ಕ. ಕುರಿ ಅಟ್ಟಿದ ಹಾಗೆ ಅಟ್ಟಿದ್ಯಂತೆ. ಕೊನೆಗೆ ಏನಾದ್ರೂ ಆಯ್ತಾ?"

"ಆಗ್ಬೇಕಿತ್ತಾ?"

"ಮೂವತ್ತು ವರ್ಷದಿಂದ ಆ ಚಪ್ಪರ ನಿಂತಿದೆ. ಅಪ್ಪ ಕಟ್ಟಿದ್ದು. ಅಲ್ಲಿ ಯಾರದೂ ಒಂದು ಕೂದಲೂ ಕೊಂಕಿಲ್ಲ. ನಾಳೆ ಇಪ್ಪತ್ತು ಜನ ಟೀಚರ್‌ಗಳು ಬರ್ತಿದ್ದಾರೆ, ನಾನೇ ಕರ್ಕೊಂಡು ಹೋಗ್ತೀನಿ. ಗುಡುಗಿದ್ರೆ ಅಲ್ಲೇ ಕೂರಿಸಿ ಟೀ ಕೊಡ್ತೀನಿ. ನೀನು ಇಲ್ಲಿ ಕೌಂಟರ್ ನೋಡ್ಕೋ."

ಒಂದೇ ತಗಡಿನ ಕೆಳಗೆ ಇಪ್ಪತ್ತು ಜನ, ಮಂಡಿಗೆ ಮಂಡಿ ತಾಗಿಸಿ. ಅವಳು ಅಪ್ಪನ ಮುಂದೆ ಹೋಗಿ ನಿಂತಳು.

"ಅಪ್ಪ, ನೀನಾದ್ರೂ ಬಾಯಿ ಬಿಡು."

ಅಪ್ಪ ಹಲ್ಲಿನಿಂದ ದಾರ ಕಡಿದ. "ನಮ್ಮ ಕಾಲದಲ್ಲಿ ಗುಡುಗಿದ್ರೆ ಅಲ್ಲಿ ಯಾರು ನಿಲ್ತಿದ್ರು? ಬೇಗ ಬೇಗ ಇಳಿದುಬಿಡ್ತಿದ್ವಿ. ಅದನ್ನ ಕಟ್ಟಿದ್ದು ಬರೀ ಮಳೆಗೆ."

ಮೂವತ್ತು ವರ್ಷ ಕಾಪಾಡಿದ್ದು ಚಪ್ಪರವಲ್ಲ. ಸಿಡಿಲಿನ ಹೊತ್ತಿಗೆ ಅದರಡಿ ಯಾರೂ ಇರುತ್ತಿರಲಿಲ್ಲ, ಅಷ್ಟೇ. ಅಪ್ಪ ಮಗನಿಗೆ ಅಂಗಡಿ ಕೊಟ್ಟ, ಚಪ್ಪರ ಕೊಟ್ಟ, ಈ ಒಂದು ಮಾತು ಹೇಳಿಕೊಡಲಿಲ್ಲ.

"ಇದನ್ನ ಇವನಿಗೆ ಯಾಕೆ ಹೇಳ್ಲಿಲ್ಲ?"

"ಗೊತ್ತಿರುತ್ತೆ ಅಂದ್ಕೊಂಡೆ."

"ಹೇಗೆ ಗೊತ್ತಿರುತ್ತೆ? ನಿನ್ನ ಜೊತೆ ಹತ್ತಿದವಳು ನಾನು. ಗುಡ್ಡ ಗೊತ್ತಿರೋಳಿಗೆ ಕೌಂಟರ್, ಕೌಂಟರ್ ಗೊತ್ತಿರೋನಿಗೆ ಗುಡ್ಡ. ಚೆನ್ನಾಗಿದೆ." ಅವಳು ತಮ್ಮನತ್ತ ತಿರುಗಿದಳು. "ಕೇಳಿಸ್ತಲ್ಲ? ಬೋರ್ಡ್ ತೆಗಿ."

ತಮ್ಮ ಕಣ್ಣು ತಪ್ಪಿಸಿದ. "ಅದರ ಫೋಟೋ ಎಲ್ಲ ಕಡೆ ಹೋಗಿದೆ. ಈಗ ಸುಳ್ಳು ಅಂದ್ರೆ ಯಾವ ಮುಖ ಇಟ್ಕೊಂಡು ನಿಲ್ಲೋದು? ನಾಳೆ ಒಂದು ದಿನ ಕಳೀಲಿ, ನೋಡೋಣ."

ಅವಳು ಕೌಂಟರಿನ ಕೆಳಗಿಂದ ಸ್ಪ್ಯಾನರ್ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ತಮ್ಮ ಟೀಚರ್‌ಗಳೊಂದಿಗೆ ನೆತ್ತಿ ತಲುಪಿದಾಗ ಬಿಸಿಲಿತ್ತು. ಅಲ್ಲಿ ಚಾವಣಿ ಇರಲಿಲ್ಲ. ಎಂಟು ತಗಡುಗಳೂ ಕಲ್ಲು ಹೇರಿಸಿಕೊಂಡು ನೆಲದ ಮೇಲೆ ಮಲಗಿದ್ದವು. ಬೋರ್ಡು ಎರಡು ತುಂಡಾಗಿತ್ತು. ಅಕ್ಕ ಸ್ಪ್ಯಾನರ್ ಹಿಡಿದು ಬೆಂಚಿನ ಕೊನೆಯ ಬೋಲ್ಟ್ ಬಿಚ್ಚುತ್ತಿದ್ದಳು. ಅಂಗೈ ತುಕ್ಕು, ರಕ್ತ ಎರಡರಿಂದಲೂ ಕೆಂಪಾಗಿತ್ತು.

"ತಲೆ ಕೆಟ್ಟಿದ್ಯಾ ನಿಂಗೆ? ಅಪ್ಪ ಕಟ್ಟಿದ್ದು ಅದು," ತಮ್ಮನ ದನಿ ಒಡೆಯಿತು. "ಇನ್ನೊಂದು ಸಲ ಈ ಗುಡ್ಡಕ್ಕೆ ನಿನ್ನ ಕಳಿಸಿದ್ರೆ ಕೇಳು."

"ಕಳಿಸಬೇಡ," ಎಂದಳು. ಗುಡ್ಡ ಬಿಟ್ಟರೆ ಅವಳಿಗೆ ಬೇರೇನೂ ಬೇಕಿರಲಿಲ್ಲ.

ಹಿರಿಯ ಟೀಚರೊಬ್ಬರು ಗಾಬರಿಯಿಂದ ಮುಂದೆ ಬಂದರು. "ಮಳೆ ಬಂದ್ರೆ ನಾವೆಲ್ಲಿ ನಿಲ್ಲೋದಮ್ಮ?"

"ಎಲ್ಲೂ ನಿಲ್ಲಬೇಡಿ, ಇಳೀರಿ. ನೆನೆದ್ರೆ ಒಣಗ್ತೀರಿ," ಎಂದು ಅವಳು ಬೆಂಚನ್ನು ಕಿತ್ತು ಪಕ್ಕಕ್ಕೆ ಉರುಳಿಸಿದಳು.