ಕ್ಯಾಪ್ಟನ್ ಕೂರಿಸಿದ ಸ್ಟೀರಿಂಗ್

ಹೊಳೆಯ ಈ ದಡದಲ್ಲಿ ಅವನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವನಿಗಿದ್ದದ್ದು ಆರೇಳು ಜನ ಒತ್ತಿಕೊಂಡು ಕೂರಬಹುದಾದ ಪುಟ್ಟ ದೋಣಿ, ಅದರ ಹಿಂದೆ ನಲವತ್ತು ಕುದುರೆ ಶಕ್ತಿಯ ಇಂಜಿನ್. ಆದರೂ ಟೋಪಿ ಹಾಕಿಕೊಂಡು ಸ್ಟೀರಿಂಗ್ ಹಿಂದೆ ನಿಂತನೆಂದರೆ ಹಡಗೇ ಬಂತು ಅನ್ನಬೇಕು, ಹಾಗೆ. ಹೆಂಡತಿ ದಡದ ಮೇಲೆ ಬೇಕರಿ ನಡೆಸುತ್ತಿದ್ದಳು, ಊರಿಗೆಲ್ಲ ಬೇಕರಿಯಕ್ಕ. ಅವಳು ಬೇಯಿಸಿದ್ದನ್ನು ಅವನು ಆಚೆ ದಡಕ್ಕೆ ಮುಟ್ಟಿಸುತ್ತಿದ್ದ. ಸಂಸಾರ ಸುಸೂತ್ರವಾಗಿಯೇ ಸಾಗಿತ್ತು.

ತಕರಾರು ಶುರುವಾದದ್ದು ಆಚೆ ದಡದ ಕಾರ್ಖಾನೆ ಕ್ಯಾಂಟೀನಿನಿಂದ. ದಿನಾ ಬೆಳಗಿನ ಪಾಳಿಗೆ ಬಿಸಿ ಬನ್ನು ಬೇಕು ಎಂದು ಅವರು ಹೇಳಿ ಕಳಿಸಿದರು. ಬೆಳಗಿನ ಪಾಳಿ ಎಂದರೆ ಕ್ಯಾಪ್ಟನ್ ಇನ್ನೊಂದು ಮಗ್ಗುಲು ಹೊರಳಿ ಮಲಗುವ ಹೊತ್ತು.

"ನೀವು ಮಲಗಿರಿ, ನಾನೇ ತಗೊಂಡು ಹೋಗ್ತೀನಿ," ಎಂದಳು ಬೇಕರಿಯಕ್ಕ.

"ದೋಣಿನಾ? ನೀನಾ? ಆ ಸ್ಟೀರಿಂಗ್ ಎಷ್ಟು ಬಿಗಿ ಗೊತ್ತೇನೇ? ನನ್ನಂಥವನಿಗೇ ತೋಳು ಕಿತ್ತು ಬರುತ್ತೆ."

"ಹಾಗಾದ್ರೆ ಬಿಗಿ ಅನ್ನೋದೊಂದೇ ತೊಂದರೆ ಅನ್ನಿ."

"ಮತ್ತಿನ್ನೇನು? ಹಗುರ ಇದ್ದಿದ್ರೆ ಇವತ್ತೇ ನಿನ್ನ ಕೈಗೆ ಕೊಡ್ತಿದ್ದೆ."

ಈ ಮಾತು ಆಡಿದ್ದು ಬೇಕರಿಯ ಮುಂದೆ, ಗಿರಾಕಿಗಳ ಎದುರಿಗೆ. ಮನೆಯೊಳಗೆ ಆಡಿದ್ದರೆ ನುಂಗಿ ನೀರು ಕುಡಿಯಬಹುದಿತ್ತು. ಸ್ಟೀರಿಂಗ್ ಬಿಗಿಯಾಗಿದ್ದದ್ದೇನೋ ನಿಜ. ಚಕ್ರದಿಂದ ಇಂಜಿನ್‌ವರೆಗೆ ಹೋಗುವ ಉಕ್ಕಿನ ಕೇಬಲ್ ಕೊಳವೆಯೊಳಗೇ ತುಕ್ಕು ಹಿಡಿದು ಕೂತಿತ್ತು. ಬೇಕರಿಯಕ್ಕ ಆ ಸಂಜೆಯೇ ಕ್ಯಾಂಟೀನಿಗೆ ಹೂಂ ಎಂದು ಹೇಳಿ ಕಳಿಸಿ, ಸೋಮವಾರದಿಂದ ಬನ್ನು ಬರುತ್ತದೆ ಎಂದಳು. ಮಾರನೆಯ ದಿನ ಗಂಡನನ್ನು ಹೊರಡಿಸಿಕೊಂಡು ಪೇಟೆಯ ದೋಣಿ ಸಾಮಾನಿನ ಅಂಗಡಿಗೆ ಹೋದಳು. ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ತಿರುಗುವ ಹೈಡ್ರಾಲಿಕ್ ಸ್ಟೀರಿಂಗ್ ಬಂದಿದೆ, ಬೆರಳಲ್ಲಿ ತಿರುಗುತ್ತದೆ ಎಂದು ಅವಳ ತಮ್ಮ ಹೇಳಿದ್ದ. ಅವನು ದೋಣಿ ಇಂಜಿನ್ ಮೆಕ್ಯಾನಿಕ್.

"ಇಂಜಿನ್ ಎಷ್ಟು ಕುದುರೆ ಸಾರ್?" ಎಂದ ಅಂಗಡಿಯವನು.

"ಅರವತ್ತು," ಎಂದ ಕ್ಯಾಪ್ಟನ್, ಕಣ್ಣು ಮಿಟುಕಿಸದೆ.

"ಮಾತಲ್ಲಿ ಅರವತ್ತು, ನೀರಲ್ಲಿ ನಲವತ್ತು," ಎಂದಳು ಬೇಕರಿಯಕ್ಕ. "ನಲವತ್ತಕ್ಕೆ ತಕ್ಕದ್ದು ಕೊಡಿ."

ಅಂಗಡಿಯವನು ಎರಡು ಬಗೆಯದನ್ನು ತೋರಿಸಿದ. ಒಂದರಲ್ಲಿ ಇಂಜಿನ್ ತಳ್ಳುವ ಸಿಲಿಂಡರು ಪಕ್ಕಕ್ಕೆ ಚಾಚಿಕೊಂಡಿತ್ತು, ಇನ್ನೊಂದರಲ್ಲಿ ಇಂಜಿನ್ನಿನ ಮುಂದೆಯೇ ಅಡ್ಡಲಾಗಿ ಕೂತಿತ್ತು. ಕ್ಯಾಪ್ಟನ್‌ಗೆ ಪಕ್ಕಕ್ಕೆ ಚಾಚಿದ್ದೇ ಇಷ್ಟವಾಯಿತು, ಕಂಡವರಿಗೆ ಏನೋ ಇದೆ ಅನ್ನಿಸುತ್ತದಲ್ಲ. ಬೇಕರಿಯಕ್ಕ ಬ್ಯಾಗಿನಿಂದ ಬ್ರೆಡ್ಡಿನ ಪೊಟ್ಟಣ ಕಟ್ಟುವ ದಾರ ತೆಗೆದಳು. ದೋಣಿಯ ಹಿಂಭಾಗವನ್ನು ಅಳೆದು ಅದಕ್ಕೆ ಗಂಟು ಹಾಕಿ ತಂದಿದ್ದಳು. ದಾರ ಹಿಡಿದು ನೋಡಿದರೆ ಚಾಚುವ ಸಿಲಿಂಡರಿಗೆ ಪಕ್ಕದಲ್ಲಿ ಜಾಗವೇ ಇರಲಿಲ್ಲ.

"ಮುಂದೆ ಕೂರೋದೇ ಕೊಡಿ," ಎಂದಳು. ಅಂಗಡಿಯವನು ಅಷ್ಟು ಹೊತ್ತಿಗೆ ಕ್ಯಾಪ್ಟನ್‌ನನ್ನು ನೋಡುವುದನ್ನೇ ಬಿಟ್ಟಿದ್ದ.

ಶನಿವಾರ ಬಾಮೈದ ತನ್ನ ಸ್ಪ್ಯಾನರ್ ಪೆಟ್ಟಿಗೆ ಹೊತ್ತು ಬಂದ. "ಭಾವ, ನಾನು ಕೂರಿಸಿಕೊಡ್ತೀನಿ. ಮಧ್ಯಾಹ್ನದೊಳಗೆ ಮುಗಿಯುತ್ತೆ."

ಬಾಮೈದನ ಕೈಯಲ್ಲಿ ಕೆಲಸ ಮಾಡಿಸಿಕೊಂಡರೆ ಕತೆ ಮುಗಿಯಿತು. ಮನೆಗೆ ಬಂದಾಗಲೆಲ್ಲ ಸೋಫಾದಲ್ಲಿ ಕಾಲು ಚಾಚಿ 'ಭಾವ, ಸ್ಟೀರಿಂಗ್ ಹೇಗಿದೆ' ಎಂದು ಕೇಳುತ್ತಾನೆ. ಕ್ಯಾಪ್ಟನ್ ಅದನ್ನೆಲ್ಲ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿದ.

"ಬೇಡಪ್ಪ. ನನ್ನ ದೋಣಿ, ನಾನೇ ನೋಡ್ಕೋತೀನಿ. ಬೇಕಾದ್ರೆ ಕೂತ್ಕೊಂಡು ನೋಡು. ಆದ್ರೆ ಬಾಯಿ ಮಾತ್ರ ಹಾಕ್ಬೇಡ."

ಬಾಮೈದ ದಡದಲ್ಲಿ ಕೂತ, ಬಾಯಿ ಹಾಕಲಿಲ್ಲ.

ಕ್ಯಾಪ್ಟನ್ ಹಳೇ ಕೇಬಲನ್ನು ಬಯ್ಯುತ್ತ ಎಳೆದು ಬಿಸಾಕಿದ. ಚಕ್ರದ ಹಿಂದೆ ಪಂಪ್ ಕೂರಿಸಿದ, ಇಂಜಿನ್ನಿಗೆ ಸಿಲಿಂಡರು ಬಿಗಿದ. ಇನ್ನು ಪಂಪಿನಿಂದ ಸಿಲಿಂಡರಿಗೆ ಎಣ್ಣೆ ಒಯ್ಯುವ ಎರಡು ಪೈಪು ಬಾಕಿ. ಎಡದ ಪೈಪು ಎಡಕ್ಕೆ, ಬಲದ್ದು ಬಲಕ್ಕೆ. ಇದರಲ್ಲೇನು ಮಹಾ ಎಂದು ಇಂಜಿನ್ ಕಡೆಗೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತು, ಎಡದ್ದನ್ನು ತನ್ನ ಎಡಗೈ ಕಡೆಗೆ, ಬಲದ್ದನ್ನು ಬಲಗೈ ಕಡೆಗೆ ಬಿಗಿದ. ಮುಂದಕ್ಕೆ ಹೋಗುವ ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವನ ಎಡಗೈ ದೋಣಿಯ ಬಲಕ್ಕಿರುತ್ತದೆ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಬಾಮೈದ ಎರಡು ಸಲ ಕೆಮ್ಮಿದ.

"ಗಂಟಲು ಸರಿ ಇಲ್ವಾ?"

"ಚೆನ್ನಾಗಿದೆ ಭಾವ."

ಆಮೇಲೆ ಎಣ್ಣೆ ತುಂಬಿ ಪೈಪಿನ ಗಾಳಿ ತೆಗೆಯಬೇಕು. ಅದು ಇಬ್ಬರ ಕೆಲಸ. ಒಬ್ಬರು ಚಕ್ರ ತಿರುಗಿಸುತ್ತಿದ್ದರೆ ಇನ್ನೊಬ್ಬರು ಹಿಂದೆ ಸಿಲಿಂಡರಿನ ತಿರುಪು ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿಯಬೇಕು. ಬೇಕರಿಯಕ್ಕ ಹಿಟ್ಟಿನ ಕೈ ಒರೆಸಿಕೊಂಡು ಬಂದು ಚಕ್ರ ತಿರುಗಿಸಿ ಕೊಟ್ಟು, ಒಲೆಯಲ್ಲಿ ಬ್ರೆಡ್ಡಿದೆ ಎಂದು ಓಡಿದಳು.

ಭಾನುವಾರ ಪರೀಕ್ಷೆ. ಅರ್ಧ ಓಣಿ ದಡದಲ್ಲಿತ್ತು. ಕ್ಯಾಪ್ಟನ್ ಟೋಪಿ ಸರಿ ಮಾಡಿಕೊಂಡು ಇಂಜಿನ್ ಶುರು ಮಾಡಿದ, ಒಂದೇ ಬೆರಳಲ್ಲಿ ಚಕ್ರವನ್ನು ಎಡಕ್ಕೆ ತಿರುಗಿಸಿ ದಡದತ್ತ ನಕ್ಕ. ದೋಣಿ ಬಲಕ್ಕೆ ಹೋಯಿತು. ಇನ್ನಷ್ಟು ಎಡಕ್ಕೆ ತಿರುಗಿಸಿದ. ಅದು ಇನ್ನಷ್ಟು ಬಲಕ್ಕೆ ಹೋಗಿ ಜೊಂಡಿನೊಳಗೆ ನುಗ್ಗಿ ನಿಂತಿತು. ನಾಲ್ಕು ಬಾತುಕೋಳಿಗಳು ಬೈದುಕೊಂಡು ಹೊರಬಂದವು.

"ಸೆಳವು ಜಾಸ್ತಿ ಇದೆ ಇವತ್ತು!" ಎಂದು ಕೂಗಿದ. ಹೊಳೆ ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿತ್ತು.

ಹಿಂದೆ ತೆಗೆದು ಮತ್ತೆ ಹೊರಟ. ಈ ಸಲ ಬಟ್ಟೆ ಒಗೆಯುವ ಕಲ್ಲಿಗೆ ತಾಗಿಸಿದ.

"ಕೊಡಿ ಇಲ್ಲಿ," ಎಂದು ಬೇಕರಿಯಕ್ಕ ಸೀರೆ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಚಕ್ರ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ ನೋಡಿದಳು. ಆಮೇಲೆ ಹೊಳೆಯ ನಡುವಿಗೆ ಹೋಗಿ, ಸುತ್ತು ಹೊಡೆದು, ದೋಣಿಯನ್ನು ತಂದು ದಡದ ಮೆಟ್ಟಿಲಿಗೆ ತೊಟ್ಟಿಲಂತೆ ಒರಗಿಸಿದಳು. ಜನ ಚಪ್ಪಾಳೆ ತಟ್ಟಿದರು.

ಕ್ಯಾಪ್ಟನ್ ಬಾಮೈದನನ್ನು ಪಕ್ಕಕ್ಕೆ ಎಳೆದ. "ಅವಳಿಗೆ ಹೇಗೋ ಬಂತು?"

"ನಮ್ಮಪ್ಪನ ದೋಣೀಲಿ ಚಕ್ರ ಎಲ್ಲಿತ್ತು ಭಾವ? ಇಂಜಿನ್ನಿಗೇ ಒಂದು ಹಿಡಿಕೋಲು. ಕೋಲು ಎಡಕ್ಕೆ ತಳ್ಳಿದ್ರೆ ಮೂತಿ ಬಲಕ್ಕೆ ಹೋಗ್ತಿತ್ತು. ಅಕ್ಕ ಅದರಲ್ಲೇ ಬೆಳೆದೋಳು. ನೀವು ಪೈಪು ಅದಲು ಬದಲು ಹಾಕಿದ್ದು ಅವಳಿಗೆ ತವರುಮನೆ ಆಯ್ತು."

"ಅದಲು ಬದಲಾ? ನಿನಗೆ ಗೊತ್ತಿತ್ತಾ? ಹೇಳೋಕೇನಾಗಿತ್ತೋ ಧಾಡಿ?"

"ಬಾಯಿ ಹಾಕ್ಬೇಡ ಅಂದ್ರಲ್ಲ."

ಕ್ಯಾಪ್ಟನ್ ತಲೆಯ ಮೇಲೆ ಕೈ ಹೊತ್ತು ಕೂತ. ಈಗ ಆ ದೋಣಿ ಓಡಿಸಬಲ್ಲವಳು ಅವಳೊಬ್ಬಳೇ. ಬೆಳಗಿನ ಟ್ರಿಪ್ಪು ಹೋದದ್ದು ಹೋಗಲಿ, ಹಗಲೆಲ್ಲ ತಾನು ಟೋಪಿ ಹಾಕಿಕೊಂಡು ಬನ್ನಿನ ಟ್ರೇ ಹಿಡಿದು ಕೂರಬೇಕು. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು. ಪೈಪು ಸರಿಮಾಡಿಬಿಟ್ಟರೆ? ಆಗ ದೋಣಿ ತನಗೆ ಸರಿಯಾಗುತ್ತದೆ, ಅವಳಿಗೆ ಉಲ್ಟಾ ಆಗುತ್ತದೆ. ನಾಳೆ ಬೆಳಿಗ್ಗೆ ಒಂದು ಸಲ ಜೊಂಡಿಗೆ ನುಗ್ಗಿದಳೆಂದರೆ ಸಾಕು, ತಾನಾಗಿಯೇ ಚಕ್ರ ಬಿಟ್ಟುಕೊಡುತ್ತಾಳೆ.

ಸಂಜೆ ಬೇಕರಿಯಲ್ಲಿ ಗಿರಾಕಿ ಜೋರಾಗಿದ್ದ ಹೊತ್ತಿನಲ್ಲಿ ಬಾಮೈದನನ್ನು ಚಕ್ರದ ಹತ್ತಿರ ಕೂರಿಸಿಕೊಂಡು ಪೈಪು ಬದಲಿಸಿ, ಮತ್ತೆ ಎಣ್ಣೆ ತುಂಬಿ, ಗಾಳಿ ತೆಗೆದ.

"ಅಕ್ಕನಿಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ಭಾವ? ನಾನು ಬಾಯಿ ಹಾಕೋನೇ ಅಲ್ಲ," ಎಂದ ಬಾಮೈದ, ಕೈ ತೊಳೆದುಕೊಂಡು ಅಕ್ಕನ ಬೇಕರಿ ಕಡೆ ಹೊರಟ.

ಸೋಮವಾರ ಬೆಳಿಗ್ಗೆ ಕ್ಯಾಪ್ಟನ್ ತಾನಾಗಿಯೇ ಎದ್ದ. ಬೇಕರಿಯಕ್ಕನಿಗೆ ಅದೇ ಆಶ್ಚರ್ಯ. "ಮೊದಲ ದಿನ ಅಲ್ವಾ, ಜೊತೆಗಿರ್ತೀನಿ," ಎಂದು ದೋಣಿಯ ಮುಂದೆ ಬನ್ನಿನ ಟ್ರೇಗಳ ಪಕ್ಕ ಕೂತ. ಬನ್ನಿನ ಬಿಸಿ ಟ್ರೇಗೆ ಹೊದಿಸಿದ ಬಟ್ಟೆಯ ಮೂಲಕ ಮೊಣಕಾಲಿಗೆ ತಾಗುತ್ತಿತ್ತು. ಅವಳು ಅವುಗಳಿಗಾಗಿ ಯಾವ ಹೊತ್ತಿಗೆ ಎದ್ದಿದ್ದಳೋ. ಕಣ್ಣ ಕೆಳಗೆ ಹಿಟ್ಟು ಹಾಗೇ ಇತ್ತು.

ದೋಣಿ ಹೊರಟಿತು. ಸ್ವಲ್ಪ ದೂರ ನೆಟ್ಟಗೆ ಹೋಗಿ, ಮೂತಿ ಮೆಲ್ಲಗೆ ಬಲಕ್ಕೆ, ಮೀನಿನ ಬಲೆಯ ಗೂಟಗಳತ್ತ ತಿರುಗಿತು. ಕ್ಯಾಪ್ಟನ್ ಕಾದದ್ದು ಇದಕ್ಕೇ. ಸುಮ್ಮನಿರಬೇಕು, ಅಷ್ಟೇ. ಗೂಟ ಹತ್ತಿರ ಬಂತು. ಟ್ರೇ ಒಂದು ಜಾರಿತು, ಕೈ ಅಡ್ಡ ಕೊಟ್ಟ. ಇನ್ನೂ ಹತ್ತಿರ ಬಂತು. ಇಷ್ಟು ಬನ್ನು ನೀರಿಗೆ ಬಿದ್ದರೆ ಇವಳ ಮುಖ ಹೇಗಾಗುತ್ತದೆ ಎಂದು ಒಂದು ಸಲ ಕಣ್ಣೆದುರು ಬಂದುಹೋಯಿತು.

"ಎಡಕ್ಕೆ! ಎಡಕ್ಕೆ ತಿರುಗಿಸೇ! ಉಲ್ಟಾ ಇಲ್ಲ ಈಗ, ನಾನು ಸರಿ ಮಾಡ್ಬಿಟ್ಟಿದ್ದೀನಿ! ತಪ್ಪು ನಂದೇ, ಎಡಕ್ಕೆ!"

ಬೇಕರಿಯಕ್ಕ ಎರಡು ಬೆರಳಲ್ಲಿ ಚಕ್ರವನ್ನು ಎಡಕ್ಕೆ ತಿರುಗಿಸಿದಳು. ಗೂಟಗಳು ಪಕ್ಕದಲ್ಲಿ ಹಾದುಹೋದವು.

"ಗೊತ್ತು," ಎಂದಳು. "ತಮ್ಮ ನಿನ್ನೆ ಸಂಜೆನೇ ಹೇಳ್ದ. ಬೆಳಿಗ್ಗೆ ನೀವು ಏಳೋ ಮೊದಲೇ ಬಂದು ಒಂದು ಸುತ್ತು ಹೊಡ್ಕೊಂಡು ಹೋದೆ."

"ಮತ್ತೆ ಗೂಟಕ್ಕೆ ಯಾಕೆ ಬಿಟ್ಟೆ? ನನ್ನ ಜೀವ ಬಾಯಿಗೆ ಬಂತಲ್ಲೇ!"

"ನೀವು ಎಲ್ಲಿ ತನಕ ಸುಮ್ಮನೆ ಕೂರ್ತೀರಿ ನೋಡೋಣ ಅಂತ. ಇನ್ನೂ ಒಂದು ಮಾರು ತಡೀತೀರಿ ಅಂದ್ಕೊಂಡಿದ್ದೆ. ಪಾಪ, ಬೇಗ ಕೂಗಿದ್ರಿ."

ಕ್ಯಾಪ್ಟನ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆಚೆ ದಡದಲ್ಲಿ ಕ್ಯಾಂಟೀನಿನವರು ಕೈ ಬೀಸುತ್ತಿದ್ದರು.

"ಬೆಳಗಿನ ಟ್ರಿಪ್ಪು ನಂದು. ಹಗಲಿಂದು ನಿಮ್ಮದು," ಎಂದಳು ಅವಳು. "ನಾಳೆಯಿಂದ ಆರಾಮವಾಗಿ ಮಲಗಿ."

"ಇಲ್ಲ, ಬರ್ತೀನಿ. ಟ್ರೇ ಜಾರುತ್ತೆ, ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ," ಎಂದು ಕ್ಯಾಪ್ಟನ್ ಟ್ರೇ ಮೇಲಿನ ಬಟ್ಟೆಯ ಕೆಳಗೆ ಮೆಲ್ಲಗೆ ಕೈ ಹಾಕಿದ.

"ಅದು ಕ್ಯಾಂಟೀನಿಂದು. ಇಡಿ," ಎಂದಳು ಬೇಕರಿಯಕ್ಕ, ನೀರಿನಿಂದ ಕಣ್ಣು ತೆಗೆಯದೆ.